ಅಜ್ಜಿಗೆ ಗೊತ್ತಿತ್ತು, ಸರಿ. ಮುಂದೆ?

"ಅಜ್ಜಿಗೆ ಗೊತ್ತಿದ್ದ ನಾರುಬೇರನ್ನೇ ಲ್ಯಾಬಲ್ಲಿ ಮತ್ತೆ ಕುದಿಸೋದೇನಿದೆ?" ಶಿವಮೊಗ್ಗದಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾ ಗಿಡಮೂಲಿಕೆಗಳ ಮೇಲೆ ಕೆಲಸ ಮಾಡುವ ನನಗೆ ಇದನ್ನು ಕೇಳದ ನೆಂಟರಿಲ್ಲ. ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ತೀರ್ಥಹಳ್ಳಿ ಕಡೆಯ ಒಂದು ಮದುವೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಿದ್ದೆವು. ಮಾವ ಒಬ್ಬರು ಶುರು ಮಾಡಿದರು. "ಅಲ್ಲ ಮಾರಾಯ್ತಿ, ಹಾಲೆ ಮರದ ಕಷಾಯ ಕುಡಿಯೋಕೆ ನಮಗೆ ಯಾವ ಸೈಂಟಿಸ್ಟೂ ಹೇಳಿಕೊಡಲಿಲ್ಲ!" ಎಲ್ಲರೂ ನಕ್ಕರು. ಊಟ ಆದ ಮೇಲೆ ಅದೇ ಮಾವ ಜೇಬಿನಿಂದ ಬಿಪಿ ಮಾತ್ರೆ ತೆಗೆದು ನುಂಗಿದರು. ಅಜ್ಜಿ ಕೊಟ್ಟಿದ್ದಾ ಅದು ಅಂತ ಬಾಯಿ ತುದಿಗೆ ಬಂದಿತ್ತು. ಮದುವೆ ಮನೆ, ಸುಮ್ನಾದೆ. ಇಲ್ಲಿ ಸುಮ್ನಿರಲ್ಲ.

ಅಸೀಮಾ ಚಟರ್ಜಿ ಹೆಸರು ಕೇಳಿದ್ದೀರಾ? 1917ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ಕೆಮಿಸ್ಟ್ರಿ ವಿಜ್ಞಾನಿ. 1944ರಲ್ಲಿ ಡಿಎಸ್ಸಿ, ಅಂದರೆ ವಿಜ್ಞಾನದ ಡಾಕ್ಟರೇಟ್; ಭಾರತದ ವಿಶ್ವವಿದ್ಯಾಲಯದಿಂದ ಆ ಪದವಿ ಪಡೆದ ಮೊದಲ ಮಹಿಳೆ. ಸರ್ಪಗಂಧ, ನಿತ್ಯಪುಷ್ಪ ಅಂತ ನಮಗೂ ಗೊತ್ತಿರುವ ಗಿಡಗಳ ಜೊತೆಗೇ ದಶಕಗಟ್ಟಲೆ ಗುದ್ದಾಡಿದರು. ಗದ್ದೆಯಲ್ಲಿ ಕಳೆ ಅಂತ ಕಿತ್ತೆಸೆಯುತ್ತಾರಲ್ಲ, ನಾಲ್ಕೆಲೆಯ ಮಾರ್ಸಿಲಿಯಾ, ಅದರಿಂದ ಮೂರ್ಛೆರೋಗಕ್ಕೆ ಔಷಧಿ ಮಾಡಿದರು. ಅವರ ಮಲೇರಿಯಾ ಔಷಧಿಯಲ್ಲಿ ಮಾವನ ಹಾಲೆಯೂ ಇದೆ!

"ಹಾಗಾದ್ರೆ ಅಜ್ಜಿ ಹೇಳಿದ್ದೇ ಸರಿ ಆಯ್ತಲ್ಲ" ಅನ್ನಬೇಡಿ. ಅಜ್ಜಿಗೆ ಗಿಡ ಗೊತ್ತಿತ್ತು, ಒಪ್ಪಿದೆ. ಅದರೊಳಗೆ ಕೆಲಸ ಮಾಡುವುದು ಯಾವುದು, ಎಷ್ಟಾದರೆ ಜಾಸ್ತಿ? ಸರ್ಪಗಂಧದ ಬೇರಿನಲ್ಲಿರುವ ರೆಸರ್ಪಿನ್ ಅನ್ನೋ ರಾಸಾಯನಿಕ ಬಿಪಿ ಇಳಿಸುತ್ತದೆ, ಹದ ತಪ್ಪಿದರೆ ಮನಸ್ಸನ್ನೂ ಕುಗ್ಗಿಸಬಹುದು. ಲೋಟದ ಅಳತೆ ಇಲ್ಲಿ ಸಾಲದು.

ಈ ರೆಸರ್ಪಿನನ್ನು ಬೇರಿನಿಂದ ಹೊರಗೆ ತೆಗೆಯೋದು ಹೇಗೆ ಅಂತ ಮಾತ್ರ ಒಬ್ಬರೂ ಕೇಳಲ್ಲ. ನನಗೆ ಬೇಕಿರೋದೇ ಆ ಪ್ರಶ್ನೆ. ಬೇರು ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ನೆನೆಹಾಕಿ ಸೋಸಬೇಕು. ಆಲ್ಕೋಹಾಲ್ ಆವಿಯಾಗಿ ಹೋದರೆ ಕಾಕಂಬಿಯಂಥ ಕಂದು ಅಂಟು ಉಳಿಯುತ್ತದೆ. ಅದಕ್ಕೆ ನೀರು ಬೆರೆಸಿದ ಆಸಿಡ್ ಹಾಕಿ ಕಲಕಿದರೆ ರೆಸರ್ಪಿನ್ ಥರದ ಗಿಡದ ರಾಸಾಯನಿಕಗಳು, ಅಂದರೆ ಆಲ್ಕಲಾಯ್ಡ್‌ಗಳು ನೀರಿಗಿಳಿಯುತ್ತವೆ, ಮೇಣ ಜಿಡ್ಡೆಲ್ಲ ಹಿಂದೆ ಉಳಿಯುತ್ತದೆ. ಆ ನೀರನ್ನು ಸೋಸಿ ಹನಿಹನಿಯಾಗಿ ಅಮೋನಿಯಾ ಬಿಡಿ. ಕರಗಿದ್ದದ್ದು ಹೊರಬಿದ್ದು, ತಿಳಿಯಾಗಿದ್ದ ನೀರು ಕಣ್ಣೆದುರೇ ಮಬ್ಬಾಗುತ್ತದೆ. ಬಂತು ಅಂತ ಕುಣಿಯಬೇಡಿ, ಅದರಲ್ಲಿ ಒಂದಲ್ಲ, ಹಲವು ಆಲ್ಕಲಾಯ್ಡ್‌ಗಳು ಕಲೆತಿರುತ್ತವೆ. ಬೇರೆ ಬೇರೆ ಮಾಡುವುದೇ ದೊಡ್ಡ ರಗಳೆ. ಆಮೇಲೆ ಅಣುವಿನ ರಚನೆ ಹುಡುಕಬೇಕು. ನಮಗೀಗ ಅದಕ್ಕೆ, ಅಣುವಿನೊಳಗೆ ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆ ಅಂತ ತೋರಿಸುವ ಎನ್‌ಎಂಆರ್ ಯಂತ್ರ ಇದೆ. ಅಸೀಮಾ ಕೆಲಸ ಶುರು ಮಾಡಿದಾಗ ಅದಿರಲಿಲ್ಲ. ಅಣುವನ್ನು ಒಡೆದು, ಸಿಕ್ಕ ಚೂರುಗಳನ್ನು ಗುರುತಿಸಿ, ಇಡಿಯಾಗಿದ್ದಾಗ ಹೇಗಿತ್ತು ಅಂತ ತಲೆಯಲ್ಲೇ ಜೋಡಿಸಬೇಕಿತ್ತು.