ಯಾರ ಮಗಳವ್ವಾ ನೀನು?

"ಯಾರ ಮಗಳವ್ವಾ ನೀನು? ಉಂಡಿಯೇನು?"

ಈ ಮಂಗಳವಾರ ರಾತ್ರಿ ಒಂಬತ್ತರ ಸುಮಾರಿಗೆ ನಮ್ಮತ್ತೆ ನನ್ನನ್ನು ಹೀಗೆ ಕೇಳಿದರು. ಕೊಪ್ಪಳದ ಈ ಮನೆಗೆ ನಾನು ಸೊಸೆಯಾಗಿ ಬಂದು 24 ವರ್ಷ. ಸಂಜೆಯಿಂದ ಅದು ಏಳನೇ ಸಲವೋ ಎಂಟನೇ ಸಲವೋ. ಗವಿಮಠದ ಜಾತ್ರೆಯ ದಾಸೋಹಕ್ಕೆಂದು ಓಣಿಯ ಹೆಂಗಸರೆಲ್ಲ ಸೇರಿ ಬೆಳಗಿನಿಂದ ರೊಟ್ಟಿ ಬಡಿದಿದ್ದೆವು. ರಟ್ಟೆ ಸೋತಿದ್ದವು, ಹೊಗೆಗೆ ಕಣ್ಣು ಉರಿಯುತ್ತಿದ್ದವು. "ನಿಮ್ಮ ಸೊಸಿ ಅದೀನ್ರಿ! ಎಷ್ಟ್ ಸಲ ಹೇಳಬೇಕ್ರಿ ನಿಮಗ?" ಎಂದು ಒದರಿಬಿಟ್ಟೆ.

ಅತ್ತೆ ಬೆಚ್ಚಿದರು. ತಲೆ ಮೇಲೆ ಸೆರಗು ಎಳೆದುಕೊಂಡು, ಬೇರೆಯವರ ಮನೆಗೆ ಬಂದವರ ಹಾಗೆ ಗೋಡೆಗೆ ಒತ್ತಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ತಮ್ಮ ಮುಂದಿನ ತಾಟನ್ನು ಮೆಲ್ಲಗೆ ನನ್ನ ಕಡೆ ದೂಡಿದರು. ಅರ್ಧ ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಉಳಿದಿತ್ತು.

"ಸಿಟ್ಟಾಗಬ್ಯಾಡವ್ವಾ. ಹೊಟ್ಟಿ ಹಸಿದ್ರ ಸಿಟ್ಟು ಬರತೈತಿ. ಮೊದಲು ಉಣ್ಣು."

ಮೂರು ದಿನದಿಂದ ಆ ತಾಟು ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಮೂರು ವರ್ಷದ ಹಿಂದೆ ಅವರು ಮೊದಲು ಮರೆತದ್ದು ಬೀಗದ ಕೈ. ಆಮೇಲೆ ಒಲೆಯ ಮೇಲಿನ ಹಾಲು, ಆಮೇಲೆ ಗುಡಿಯಿಂದ ಮನೆಗೆ ಬರುವ ದಾರಿ. ವಯಸ್ಸಾಯಿತು, ಅರಳು ಮರಳು ಎಂದುಕೊಂಡು ನಾವು ಒಂದು ವರ್ಷ ಸುಮ್ಮನಿದ್ದೆವು. ಹಾಗೆ ಇರಬಾರದಿತ್ತು. ಥೈರಾಯ್ಡ್ ಕಡಿಮೆಯಾದರೂ, ಬಿ12 ವಿಟಮಿನ್ ಕಡಿಮೆಯಾದರೂ ಮರೆವು ಬರುತ್ತದೆ, ಅವಕ್ಕೆ ಔಷಧಿ ಇದೆ. ಡಾಕ್ಟರು ಮೊದಲು ಅವೆರಡನ್ನೇ ನೋಡಿದರು. ಎರಡೂ ಸರಿ ಇದ್ದವು. ಮುಂದಿನ ತಪಾಸಣೆಗಳಾದ ಮೇಲೆ ಆಲ್ಝೈಮರ್ ಎಂದರು. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಬಹಳ ದಿನ ಉಳಿಯುತ್ತದೆ, ಹೊತ್ತು ಮುಳುಗಿದ ಮೇಲೆ ಗೊಂದಲ ಹೆಚ್ಚು, ತಿದ್ದಲು ಹೋಗಬೇಡಿ, ವಾದಕ್ಕಿಳಿಯಬೇಡಿ ಎಂದು ನನಗೇ ಹೇಳಿ ಕಳಿಸಿದ್ದರು. ಎಲ್ಲಾ ಗೊತ್ತಿದ್ದೂ ಒದರಿದೆ.

ಇನ್ನೊಂದು ಮಾತನ್ನು ಮುಚ್ಚಿಡಲಾರೆ. ನಮ್ಮತ್ತೆ ಒಳ್ಳೆಯ ಅತ್ತೆಯಾಗಿರಲಿಲ್ಲ. ಬುಟ್ಟಿಯ ರೊಟ್ಟಿ ಎಣಿಸುತ್ತಿದ್ದರು. ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಎದ್ದು ಇನ್ನೊಮ್ಮೆ. ಮದುವೆಯಾದ ವರ್ಷ ನನ್ನಪ್ಪ ಕುಷ್ಟಗಿ ಕಡೆಯ ನಮ್ಮೂರಿಂದ ಒಂದು ಚೀಲ ಶೇಂಗಾ ಹೊತ್ತುಕೊಂಡು ನನ್ನ ನೋಡಲು ಬಂದಿದ್ದ. ಉಣ್ಣಲು ಕೂತವನು ಮೂರನೇ ರೊಟ್ಟಿಗೆ ಕೈ ಚಾಚಿದಾಗ ಅತ್ತೆ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಪ್ಪ ಆ ಕೈಯನ್ನು ಹಾಗೇ ನೀರಿನ ತಂಬಿಗೆಗೆ ಒಯ್ದು, "ಹೊಟ್ಟಿ ತುಂಬೇತವಾ" ಅಂದ. ಅಪ್ಪ ಹೋಗಿ 11 ವರ್ಷ. ಆ ಕೈ ಬುಟ್ಟಿಯಿಂದ ತಂಬಿಗೆಗೆ ತಿರುಗಿದ್ದನ್ನು ನಾನು ಎಷ್ಟು ಸಲ ನೆನೆಸಿಕೊಂಡು ಅತ್ತಿದ್ದೇನೋ. ಮಂಗಳವಾರ ಒದರಿದ್ದರಲ್ಲಿ ಬರೀ ದಣಿವಿರಲಿಲ್ಲ, ಆ ಬುಟ್ಟಿಯೂ ಇತ್ತು.

ನನ್ನ ಯಜಮಾನರು ತಮ್ಮ ದೊಡ್ಡಪ್ಪನಿಂದ ಕೇಳಿದ್ದನ್ನು ಒಮ್ಮೆ ಹೇಳಿದ್ದರು. 1972ರ ಬರದಲ್ಲಿ ಮನೆಯ ಹತ್ತು ಬಾಯಿಗೆ ಅತ್ತೆ ರೊಟ್ಟಿ ಎಣಿಸಿ ಹಂಚಿ, ತಮಗೆ ಉಳಿಯದ ದಿನ ನೀರು ಕುಡಿದು ಮಲಗುತ್ತಿದ್ದರಂತೆ. ಬರ ಹೋಯಿತು, ಎಣಿಕೆ ಉಳಿಯಿತು. ಅವತ್ತು ಇದನ್ನು ಕೇಳಿ ನನ್ನ ಮನಸ್ಸು ಕರಗಿರಲಿಲ್ಲ. ತಾಯಿಯ ಪರ ವಹಿಸುತ್ತಿದ್ದಾರೆ ಅಂದುಕೊಂಡಿದ್ದೆ.

ನಮ್ಮ ನಾದಿನಿ ಭಾನುವಾರಕ್ಕೊಮ್ಮೆ ಬಂದು ಎರಡು ತಾಸು ಕೂತು, "ವೈನಿ, ಅವ್ವನ ಕೂಡ ಸ್ವಲ್ಪ ಪ್ರೀತಿಲೆ ಮಾತಾಡ್ರಿ" ಎಂದು ಹೇಳಿ ಹೋಗುತ್ತಾಳೆ. ವಾರಕ್ಕೆರಡು ತಾಸಿನ ಪ್ರೀತಿ ಹಗುರ. ಹಗಲೂ ರಾತ್ರಿ ಸೀರೆ ಬದಲಿಸುವ, ಬಚ್ಚಲಿಗೆ ಕರೆದೊಯ್ಯುವ ಪ್ರೀತಿಗೆ ಬೇರೆಯೇ ಭಾರ. ಅದನ್ನು ಹೊತ್ತವರ ಬೆನ್ನ ಮೇಲೆ ಯಾರಾದರೂ ಕೈ ಇಡಬೇಕು, ಉಪದೇಶ ಇಡಬಾರದು. ಆದರೂ ಹೋದ ಭಾನುವಾರ ಅತ್ತೆ ಅವಳನ್ನೇ "ನೀ ಯಾರವ್ವಾ?" ಅಂದಾಗ ಅವಳು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಹೆತ್ತ ಮಗಳಿಗೆ ಆ ಮಾತು ಎಂಥ ಏಟು! ನನಗಿಂತ ದೊಡ್ಡದು. ಅವಳಿಗೂ ಒಂದು ಲೋಟ ನೀರು ಕೊಟ್ಟು ಪಕ್ಕದಲ್ಲಿ ಕೂತೆ.

ಬುಧವಾರ ಬೆಳಿಗ್ಗೆ ರೊಟ್ಟಿ ಮುಟ್ಟಿಸಲು ಮಠಕ್ಕೆ ಹೋದೆ. ಬನದ ಹುಣ್ಣಿಮೆ ಮುಗಿದು ಬಿದಿಗೆಯ ದಿನ ಗವಿಸಿದ್ಧೇಶ್ವರ ಅಜ್ಜನ ತೇರು. ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ, ಮಾದಲಿ, ಕಾಳು ಬರುತ್ತವೆ. ಯಾವ ರೊಟ್ಟಿಯ ಮೇಲೂ ಬಡಿದವರ ಹೆಸರಿಲ್ಲ. ಉಣ್ಣಲು ಕೂತವರ ಊರು, ಜಾತಿ ಯಾರೂ ಕೇಳುವುದಿಲ್ಲ. ನಮ್ಮ ರೊಟ್ಟಿಗಳು ಆ ಬೆಟ್ಟದಂಥ ರಾಶಿಯೊಳಗೆ ಸೇರಿ, ಯಾವುದು ನಮ್ಮದೆಂದು ಗುರುತು ಸಿಗದಂತಾದವು. ಪ್ರತಿ ವರ್ಷ ಅದನ್ನು ನೋಡಿ ಹಿಗ್ಗುತ್ತಿದ್ದವಳಿಗೆ ಈ ಸಲ ಎದೆಯಲ್ಲಿ ಏನೋ ಚುಚ್ಚಿತು. ಹೆಸರು ಗೊತ್ತಿಲ್ಲದ ಸಾವಿರಾರು ಮಂದಿಗೆ ಖುಷಿಯಿಂದ ರೊಟ್ಟಿ ಬಡಿಯುತ್ತೇನೆ. ಅವರಲ್ಲಿ ಯಾರೂ ನನ್ನಪ್ಪನ ಮುಂದಿನ ಬುಟ್ಟಿ ಎಳೆದಿಲ್ಲವಲ್ಲ. ಅತ್ತೆಗೂ ಈಗ ನಾನು ಹೆಸರಿಲ್ಲದ ಯಾರೋ ಒಬ್ಬಳು. ನನ್ನ ಮೇಲಿನ ಹಳೆಯ ಸಿಟ್ಟು, ನನ್ನ ತವರಿನ ಮೇಲಿನ ತಾತ್ಸಾರ, ಎಲ್ಲ ಅಳಿಸಿಹೋಗಿದೆ. ಅಳಿಸಿದ ಮೇಲೆ ಉಳಿದದ್ದು "ಉಂಡಿಯೇನು?" ಅನ್ನುವ ಒಂದೇ ಮಾತು. ಹಳೆಯದು ಬಹಳ ದಿನ ಉಳಿಯುತ್ತದೆ ಅಂದಿದ್ದರಲ್ಲ ಡಾಕ್ಟರು. ಹಾಗಾದರೆ ಎಣಿಸುವ ಅತ್ತೆಗಿಂತ ಹಿಂದೆ, ಬಂದವರನ್ನು ಉಣಿಸಿ ಕಳಿಸುವ ಒಬ್ಬ ಹುಡುಗಿ ಇದ್ದಳು. ಅವಳ ಗುರುತು ನನಗೆ ಇಷ್ಟು ವರ್ಷ ಆಗಲೇ ಇಲ್ಲ.

ಮಠದ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1931ರಲ್ಲಿ ಪತ್ತೆಯಾದದ್ದು. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗವನ್ನೇ ಪಡೆಯಬಹುದು ಎಂದು ಅದರಲ್ಲಿದೆ. ಸಣ್ಣವರೂ ಅನ್ನುವ ಆ ಒಂದು ಮಾತು ಹಿಡಿದುಕೊಂಡು ಮನೆಗೆ ಬಂದೆ.

ಮಧ್ಯಾಹ್ನ ಅತ್ತೆಯನ್ನು ಒಲೆಯ ಹತ್ತಿರ ಕೂರಿಸಿ ಒಂದು ಉಂಡಿ ಹಿಟ್ಟು ಕೊಟ್ಟೆ. ಕೈಗೆ ಎಲ್ಲ ನೆನಪಿತ್ತು. ಅಂಗೈಯಲ್ಲಿ ತೀಡಿ, ಒಣಹಿಟ್ಟು ಉದುರಿಸಿ, ತಿರುಗಿಸಿ ತಿರುಗಿಸಿ ಬಡಿದರು. ಅಂಚು ಒಂದು ಕಡೆಯೂ ಬಿರಿಯಲಿಲ್ಲ. ಹಂಚಿನ ಮೇಲೆ ರೊಟ್ಟಿ ಉಬ್ಬಿದಾಗ ಚಿಕ್ಕ ಹುಡುಗಿಯ ಹಾಗೆ ನಕ್ಕರು.

ನಿನ್ನೆ ರಾತ್ರಿ ಮತ್ತೆ ಅದೇ ಪ್ರಶ್ನೆ. "ಯಾರ ಮಗಳವ್ವಾ ನೀನು?"

ಈ ಸಲ ತಿದ್ದಲಿಲ್ಲ. ಅಪ್ಪನ ಹೆಸರು ಹೇಳಿದೆ, ನಮ್ಮೂರ ಹೆಸರು ಹೇಳಿದೆ. ಕುಷ್ಟಗಿ ಕಡೆಯವಳು ಅಂದೆ.

"ನಿಮ್ಮಪ್ಪನೂ ಬಂದಾನೇನು?"

ನನಗೆ ಮಾತೇ ಹೊರಡಲಿಲ್ಲ.

"ಹೊರಗ್ಯಾಕ ನಿಂದ್ರಿಸಿಯವ್ವಾ? ಒಳಗ ಕರಿ. ಬಿಸಿ ರೊಟ್ಟಿ ಅದಾವು" ಅನ್ನುತ್ತ ಬುಟ್ಟಿಯನ್ನು ಬಾಗಿಲ ಕಡೆಗೆ ಸರಿಸಿದರು.

ಎದ್ದು ಇನ್ನೊಂದು ತಾಟು ತಂದು ಹಾಕಿದೆ.