ಬಿ ಕೋಶದೊಳಗೆ ಅಡಗಿ ಕೂತ ವೈರಸ್

ಎಪ್‌ಸ್ಟೈನ್-ಬಾರ್ ವೈರಸ್ ರಿಪೋರ್ಟ್ ಪಾಸಿಟಿವ್ ಬಂದ ಮಾತ್ರಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ನರಗಳ ಮೇಲೆ ದಾಳಿ ಮಾಡುವ ಕಾಯಿಲೆ) ಬಂತು ಅಂತ ದಯವಿಟ್ಟು ಎದೆ ಒಡೆದುಕೊಳ್ಳಬೇಡಿ. ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ರಕ್ತದಲ್ಲಿ ಈ ವೈರಸ್ ವಿರುದ್ಧದ ಪ್ರತಿಕಾಯ ಇದ್ದೇ ಇರುತ್ತದೆ, ಎಂಎಸ್ ಬರುವುದು ಅವರಲ್ಲಿ ತೀರಾ ಕೆಲವರಿಗೆ.

ಹಾಗಂತ ನಂಟು ಸಣ್ಣದಲ್ಲ. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ಜಾಲಾಡಿದ 2022ರ ಅಧ್ಯಯನದಲ್ಲಿ, ಈ ಸೋಂಕು ತಗುಲಿದ ಮೇಲೆ ಎಂಎಸ್ ಅಪಾಯ 32 ಪಟ್ಟು ಏರಿತ್ತು. ನರಕ್ಕೆ ಪೆಟ್ಟಾಗಿದೆ ಎಂದು ಹೇಳುವ ನ್ಯೂರೋಫಿಲಮೆಂಟ್ ಪ್ರೋಟೀನ್ ರಕ್ತದಲ್ಲಿ ಏರಿದ್ದೂ ಸೋಂಕಿನ ನಂತರವೇ, ಮೊದಲಲ್ಲ.

ವೈರಸ್ ಜೀವನಪೂರ್ತಿ ಮನೆ ಮಾಡುವುದು ನೆನಪಿನ ಬಿ ಕೋಶಗಳಲ್ಲಿ, ಅಂದರೆ ಹಳೆಯ ಸೋಂಕನ್ನು ನೆನಪಿಟ್ಟುಕೊಳ್ಳುವ ಬಿಳಿ ರಕ್ತಕಣಗಳಲ್ಲಿ. ಅದರ ಇಬಿಎನ್‌ಎ1 ಪ್ರೋಟೀನಿನ ಒಂದು ತುಣುಕು, ಮಿದುಳಿನ ಗ್ಲಿಯಲ್‌ಕ್ಯಾಮ್ ಪ್ರೋಟೀನಿನ ತುಣುಕನ್ನು ಹೋಲುತ್ತದೆ. ಕೆಲವು ರೋಗಿಗಳಲ್ಲಿ ಒಂದೇ ಪ್ರತಿಕಾಯ ಎರಡಕ್ಕೂ ಅಂಟಿಕೊಳ್ಳುತ್ತದೆ. ಶತ್ರುವಿಗೆ ಎತ್ತಿದ ಕೈ ಮನೆಯವರ ಮೇಲೇ ಬಿದ್ದ ಹಾಗೆ.

ಎಂಎಸ್‌ಗೆ ಕೊಡುವ ಆಕ್ರೆಲಿಜುಮ್ಯಾಬ್ ಔಷಧಿ ಅಳಿಸುವುದು ಸಿಡಿ20 ಗುರುತಿರುವ ಬಿ ಕೋಶಗಳನ್ನು. ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳಲ್ಲಿ ಆ ಗುರುತಿಲ್ಲ, ಅವು ಉಳಿಯುತ್ತವೆ. ಆದರೂ ರೋಗದ ಮರುದಾಳಿಗಳು ಬೇಗ ತಗ್ಗುತ್ತವೆ! ಬಿ ಕೋಶದ ಕೇಡು ಪ್ರತಿಕಾಯ ಮಾತ್ರವಲ್ಲ, ರಕ್ಷಣಾ ಪಡೆಯ ಇನ್ನೊಂದು ಬಗೆಯಾದ ಟಿ ಕೋಶಗಳನ್ನು ಕೆರಳಿಸುವುದೂ ಹೌದು ಎನ್ನಲು ನನಗೆ ಇದಕ್ಕಿಂತ ಬಲವಾದ ಸುಳಿವು ಬೇಡ.

ಈ ಔಷಧಿಯ ಮೊದಲ ಡೋಸ್ 300 ಮಿಲಿಗ್ರಾಂ, ಎರಡು ವಾರ ಬಿಟ್ಟು ಮತ್ತೆ 300, ಆಮೇಲೆ ಆರು ತಿಂಗಳಿಗೊಮ್ಮೆ 600. ಶುರುವಿಗೆ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ತಪ್ಪಿಸಲೇಬೇಡಿ: ಮಲಗಿದ್ದ ಆ ವೈರಸ್ ಮತ್ತೆ ಎದ್ದರೆ ಯಕೃತ್ತೇ ಕೈಕೊಡಬಹುದು.