ಹೊಸ ಪತಂಗ ಸಿಕ್ಕ ಮೇಲೆ ಹೆಸರಿಡೋಕೆ ಇಷ್ಟು ವರ್ಷ ಯಾಕೆ?

ಉಷ್ಣವಲಯದ ಕಾಡುಗಳಲ್ಲಿ ರಾತ್ರಿ ಹಾರುವ ಪತಂಗಗಳ ಮೇಲೆ ನಾನು ಕೆಲಸ ಮಾಡುತ್ತೇನೆ. ಹೆಚ್ಚಿನವು ಸಣ್ಣವು, ಕಂದು ಬಣ್ಣದವು, ಯಾರೂ ತಿರುಗಿ ನೋಡದಂಥವು. ಈ ಕೆಲಸದ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ: "ಹೊಸ ಪ್ರಭೇದ ಸಿಕ್ಕಿದೆ ಅಂತೀರಿ. ಒಂದು ಹೆಸರಿಟ್ಟು ಮುಗಿಸಬಹುದಲ್ವಾ? ಅದಕ್ಕೆ ಇಷ್ಟು ವರ್ಷ ಯಾಕೆ?"

ಪ್ರಶ್ನೆಯಲ್ಲಿ ತಪ್ಪೇನಿಲ್ಲ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆ ಬೇರೆ ಬಗೆಯ ಜೀವಿಗಳನ್ನು ತೆಗೆದುಕೊಂಡು ಇದನ್ನೇ ಲೆಕ್ಕ ಹಾಕಿತ್ತು. ಮೊದಲ ಮಾದರಿ ಸಿಕ್ಕ ದಿನದಿಂದ ಅದಕ್ಕೆ ಹೆಸರು ಬರುವವರೆಗೆ ಸರಾಸರಿ 21 ವರ್ಷ ಹಿಡಿಯುತ್ತದಂತೆ. ಅಷ್ಟೂ ಕಾಲ ಅದು ಯಾವುದೋ ಮ್ಯೂಸಿಯಂನ ಪೆಟ್ಟಿಗೆಯಲ್ಲಿ ಹೆಸರಿಲ್ಲದೆ ಕೂತಿರುತ್ತದೆ.

ನನ್ನ ಉತ್ತರ ಇಷ್ಟು. ಕಾಡಿನಲ್ಲಿ ಹೊಸ ಪತಂಗ ಸಿಗುವುದಿಲ್ಲ. ಕಾಡಿನಲ್ಲಿ ಒಂದು ಪತಂಗ ಸಿಗುತ್ತದೆ, ಅಷ್ಟೇ. ಅದು ಹೊಸದು ಅನ್ನೋದು ಗೊತ್ತಾಗುವುದು ಹಳೆಯ ಪೆಟ್ಟಿಗೆಗಳ ಮುಂದೆ ಕೂತಾಗ.

ಕಾಡಿನ ಕೆಲಸ ನಿಜಕ್ಕೂ ಸುಲಭದ ಭಾಗ. ಅಮಾವಾಸ್ಯೆಯ ಆಸುಪಾಸು, ಗಾಳಿ ಇಲ್ಲದ, ಮೋಡ ಕವಿದ ಬೆಚ್ಚನೆಯ ರಾತ್ರಿ ನೋಡಿಕೊಂಡು ಒಂದು ಬಿಳಿ ಬಟ್ಟೆ ಕಟ್ಟುತ್ತೇವೆ. ಅದರ ಮುಂದೆ ಪಾದರಸದ ದೀಪ ಅಥವಾ ನೇರಳಾತೀತ ದೀಪ ಹಚ್ಚುತ್ತೇವೆ. ಅರ್ಧ ಗಂಟೆಯಲ್ಲಿ ಬಟ್ಟೆ ತುಂಬುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ ಬರುವ ಪತಂಗಗಳೇ ಬೇರೆ, ಹಾಗಾಗಿ ನಿದ್ದೆ ಬಿಟ್ಟು ಕಾಯಬೇಕು. ಎಷ್ಟು ವರ್ಷ ಕಂಡರೂ ನನಗೆ ಆ ಬಟ್ಟೆ ಸಾಕಾಗಿಲ್ಲ. ಒಂದು ಒಣಗಿದ ಎಲೆಯ ಹಾಗೆ, ಪಕ್ಕದ್ದು ಹಕ್ಕಿಯ ಹಿಕ್ಕೆಯ ಹಾಗೆ, ಇನ್ನೊಂದು ಕಣಜದ ಹಾಗೆ. ಬೆಳಗಿನ ಜಾವ "ಇದನ್ನು ನಾನು ಎಲ್ಲೂ ನೋಡಿಲ್ಲ" ಅನ್ನಿಸುವಂಥದ್ದು ಒಂದಾದರೂ ಇರುತ್ತದೆ.

ಆದರೆ ನಾನು ನೋಡಿಲ್ಲ ಅಂದರೆ ಯಾರೂ ನೋಡಿಲ್ಲ ಅಂತ ಅಲ್ಲವಲ್ಲ. ಚಿಟ್ಟೆ ಮತ್ತು ಪತಂಗ ಸೇರಿ ಈವರೆಗೆ ಹೆಸರು ಪಡೆದಿರುವ ಪ್ರಭೇದಗಳು ಸುಮಾರು 1,60,000. ಅದರಲ್ಲಿ ಚಿಟ್ಟೆಗಳು ಹತ್ತಿರ ಹತ್ತಿರ 18,000. ಉಳಿದವೆಲ್ಲ ಪತಂಗಗಳೇ. ನನ್ನ ಕೈಯಲ್ಲಿರುವುದು ಹೊಸದು ಅನ್ನಬೇಕಾದರೆ, ಅದರ ಗುಂಪಿನಲ್ಲಿ 1758ರಿಂದ ಇಲ್ಲಿಯವರೆಗೆ ಇಟ್ಟಿರುವ ಒಂದು ಹೆಸರೂ ಇದಕ್ಕೆ ಹೊಂದುವುದಿಲ್ಲ ಅಂತ ತೋರಿಸಬೇಕು. 1758 ಯಾಕೆ ಅಂದರೆ, ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್‌ನ 'ಸಿಸ್ಟೆಮಾ ನ್ಯಾಚುರೇ' ಪುಸ್ತಕದ ಹತ್ತನೇ ಆವೃತ್ತಿ ಬಂದ ವರ್ಷ ಅದು. ಪ್ರಾಣಿಗಳ ಹೆಸರಿನ ಲೆಕ್ಕ ಅಲ್ಲಿಂದಲೇ ಶುರು.

ಹಳೆಯ ಹೆಸರುಗಳ ವಿವರಣೆ ಓದಿದರೆ ಸಾಕಲ್ಲ ಅನ್ನಬಹುದು. ಓದಿ ನೋಡಿದರೆ ಕಷ್ಟ ಗೊತ್ತಾಗುತ್ತದೆ. ಎಷ್ಟೋ ವಿವರಣೆಗಳು ಲ್ಯಾಟಿನ್‌ನಲ್ಲಿ ಎರಡು ಮೂರು ಸಾಲು ಇರುತ್ತವೆ, ಚಿತ್ರವೂ ಇರುವುದಿಲ್ಲ. ಎಡ್ವರ್ಡ್ ಮೇರಿಕ್ ಅನ್ನುವ ಒಬ್ಬರೇ 14,000ಕ್ಕೂ ಹೆಚ್ಚು ಸಣ್ಣ ಪತಂಗಗಳನ್ನು ವಿವರಿಸಿದ್ದಾರೆ. ಅವರ ದುಡಿಮೆಯ ಬಗ್ಗೆ ನನಗೆ ಬಹಳ ಗೌರವ ಇದೆ. ಆದರೆ ಪತಂಗದ ಹೊಟ್ಟೆ ಬಿಡಿಸಿ ಒಳಗಿನ ಭಾಗ ನೋಡುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ಹಾಗಾಗಿ "ಮುಂದಿನ ರೆಕ್ಕೆ ಕಂದು, ಅಂಚಿನಲ್ಲಿ ಕಪ್ಪು ಚುಕ್ಕೆ" ಅನ್ನುವ ವಿವರಣೆ ಇವತ್ತು ಐದಾರು ಪ್ರಭೇದಗಳಿಗೆ ಹೊಂದುತ್ತದೆ. ಯಾವುದಕ್ಕೆ ಆ ಹೆಸರು ಸೇರಬೇಕು ಅಂತ ತಿಳಿಯಲು ಅವರು ನೋಡಿದ ಅದೇ ಪತಂಗವನ್ನು ಹುಡುಕಬೇಕು. ಅವರ ಸಂಗ್ರಹ ಇರುವುದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ. ಬೇರೆಯವರು ನೋಡಿದವು ಬೇರೆ ದೇಶಗಳ ಬೇರೆ ಮ್ಯೂಸಿಯಂಗಳಲ್ಲಿ. ಪತ್ರ ಬರೆದು, ಫೋಟೋ ತರಿಸಿ, ಕೆಲವು ಸಲ ಖುದ್ದಾಗಿ ಹೋಗಿ ನೋಡುವಷ್ಟರಲ್ಲಿ ವರ್ಷಗಳು ಕಳೆದುಹೋಗುತ್ತವೆ.

ಹೊಟ್ಟೆ ಬಿಡಿಸುವ ವಿಷಯ ಹೇಳಿದೆನಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನ ಅರ್ಧ ಆಯಸ್ಸು ಅದರಲ್ಲೇ ಹೋಗಿದೆ.

ಎರಡು ಪತಂಗಗಳ ರೆಕ್ಕೆ ಅವಳಿಜವಳಿಯಂತೆ ಒಂದೇ ಥರ ಇದ್ದರೂ ಜನನಾಂಗಗಳ ಆಕಾರ ಬೇರೆ ಇರಬಹುದು. ಅದನ್ನು ನೋಡಲು ಒಣಗಿದ ಹೊಟ್ಟೆಯ ಭಾಗವನ್ನು ಮೆಲ್ಲಗೆ ಮುರಿದು ತೆಗೆಯುತ್ತೇನೆ. ಶೇಕಡ 10ರ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ ಬಿಸಿ ಮಾಡುತ್ತೇನೆ. ಮೆತ್ತಗಿನದೆಲ್ಲ ಕರಗಿ ಗಟ್ಟಿ ಕವಚ ಉಳಿಯುತ್ತದೆ. ಸಣ್ಣ ಕುಂಚದಿಂದ ಹುರುಪೆಗಳನ್ನು ಗುಡಿಸಿ, ಬಣ್ಣ ಹಚ್ಚಿ, ಸ್ಲೈಡ್ ಮೇಲೆ ಹರಡಿ ಕೂರಿಸುತ್ತೇನೆ. ಗಂಡಿನಲ್ಲಿ ಹೆಣ್ಣನ್ನು ಹಿಡಿಯುವ ಎರಡು ಹಲಗೆಗಳಿರುತ್ತವೆ, ಅವಕ್ಕೆ ವಾಲ್ವಾ ಅನ್ನುತ್ತೇವೆ. ಮೇಲೆ ಕೊಕ್ಕೆಯಂಥ ಅಂಕಸ್. ಕೊಳವೆಯೊಳಗಿನ ಚೀಲದಲ್ಲಿ ಸಣ್ಣ ಮುಳ್ಳುಗಳು. ಆ ಮುಳ್ಳು ಮೂರಿದೆಯಾ, ಒಂದು ಕಟ್ಟಿನಂತಿದೆಯಾ, ಬಾಗಿದೆಯಾ? ರೆಕ್ಕೆ ಬಾಯಿ ಬಿಡದ ಮಾತನ್ನು ಈ ಮುಳ್ಳು ಹೇಳಿಬಿಡುತ್ತದೆ. ಕೈ ಒಮ್ಮೆ ನಡುಗಿದರೆ ಮುರಿದೇ ಹೋಗುತ್ತದೆ. ಇರುವುದೇ ಒಂದು ಮಾದರಿ ಆಗಿದ್ದರೆ ಆ ದಿನ ಉಸಿರು ಬಿಗಿಹಿಡಿದು ಕೂರುತ್ತೇನೆ.

"ಈಗ ಡಿಎನ್ಎ ಇದೆಯಲ್ಲ, ಇದೆಲ್ಲ ಯಾಕೆ?" ಅಂತಲೂ ಕೇಳುತ್ತಾರೆ. 2003ರಲ್ಲಿ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಡಿಎನ್ಎ ಬಾರ್‌ಕೋಡ್ ಅನ್ನುವ ವಿಧಾನ ಮುಂದಿಟ್ಟರು. ಸಿಒಐ ಅನ್ನುವ ಜೀನಿನ 658 ಅಕ್ಷರಗಳಷ್ಟು ಉದ್ದದ ತುಂಡನ್ನು ಓದಿ ಹೋಲಿಸುವುದು. ಪತಂಗದ ಒಂದು ಕಾಲು ಕೊಟ್ಟರೆ ಸಾಕು. ಕೆಲಸ ಎಷ್ಟೋ ಹಗುರವಾಗಿದೆ, ಅನುಮಾನವೇ ಇಲ್ಲ. ಆದರೆ ಆ ಜೀನು ಬರುವುದು ತಾಯಿಯ ಕಡೆಯಿಂದ ಮಾತ್ರ, ತಂದೆಯ ಕಡೆಯ ಕತೆ ಅದರಲ್ಲಿ ಇರುವುದಿಲ್ಲ. ವೋಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಕೀಟದೊಳಗೆ ಸೇರಿಕೊಂಡರೆ ಅದರ ಲೆಕ್ಕ ತಪ್ಪುವುದುಂಟು. ಹಾಗಾಗಿ ಡಿಎನ್ಎ ಬೇರೆ ಅಂದಾಗ ದೇಹವೂ ಹೌದು ಅನ್ನುತ್ತದಾ ಅಂತ ನೋಡುತ್ತೇವೆ.

ಮಡಗಾಸ್ಕರ್‌ನ ಒಂದು ಪತಂಗದ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 30 ಸೆಂಟಿಮೀಟರ್ ಉದ್ದದ ಮಕರಂದದ ಕೊಳವೆ ಇರುವ ಆರ್ಕಿಡ್ ನೋಡಿ ಡಾರ್ವಿನ್, ಅಷ್ಟೇ ಉದ್ದ ನಾಲಿಗೆಯ ಪತಂಗ ಅಲ್ಲಿ ಇರಲೇಬೇಕು ಅಂತ 1862ರಲ್ಲಿ ಬರೆದರು. ಅಂಥದ್ದು ಸಿಕ್ಕ ಮೇಲೆ, 1903ರಲ್ಲಿ ಕೀಟತಜ್ಞರಾದ ರಾತ್‌ಚೈಲ್ಡ್ ಮತ್ತು ಜೋರ್ಡನ್ ಅದಕ್ಕೆ 'ಪ್ರೆಡಿಕ್ಟಾ' (ಮೊದಲೇ ಊಹಿಸಿದ್ದು) ಅಂತ ಹೆಸರಿಟ್ಟರು. ಆದರೆ ಆಫ್ರಿಕಾದ ಪತಂಗದ ಉಪಪ್ರಭೇದ ಅಂತಲೇ ಸೇರಿಸಿದರು. ಡಿಎನ್ಎ ಮತ್ತು ದೇಹರಚನೆ ಎರಡನ್ನೂ ನೋಡಿ ಅದಕ್ಕೆ ಸ್ವಂತ ಪ್ರಭೇದದ ಸ್ಥಾನ ಕೊಟ್ಟಿದ್ದು 2021ರಲ್ಲಿ. ಅಷ್ಟು ಪ್ರಸಿದ್ಧ ಪತಂಗಕ್ಕೇ ಹೀಗಾದರೆ, ನನ್ನ ಕಂದು ಪತಂಗಗಳನ್ನು ಕೇಳುವವರು ಯಾರು?

ಅವಸರ ಮಾಡಿದರೆ ಏನಾಗುತ್ತದೆ ಅನ್ನೋದು ನನಗೆ ಅನುಭವದಿಂದ ಗೊತ್ತು. ಒಂದು ಪತಂಗದ ಹಿಂದೆ ಎರಡು ವರ್ಷ ಬಿದ್ದಿದ್ದೆ. ಸಿಕ್ಕಿದ್ದೆಲ್ಲ ಗಂಡುಗಳೇ. ವಿವರಣೆ ಬರೆದು ಮುಗಿಸಿದ್ದೆ, ಹೆಸರೂ ಯೋಚಿಸಿದ್ದೆ. ಅಷ್ಟರಲ್ಲಿ ಬಟ್ಟೆಯ ಮೇಲೆ ಕೂತ ಬೇರೆಯದೇ ರೂಪದ ಹೆಣ್ಣೊಂದು ಡಬ್ಬಿಯೊಳಗೆ ಮೊಟ್ಟೆ ಇಟ್ಟಿತು. ಸುಮ್ನೆ ಕುತೂಹಲಕ್ಕೆ ಹುಳು ಸಾಕಿದೆ. ಗೂಡು ಒಡೆದು ಬಂದ ಗಂಡುಗಳು ನನ್ನ "ಹೊಸ" ಪತಂಗ, ಹೆಣ್ಣುಗಳು ತಾಯಿಯ ಹಾಗೆ. ಆ ಹೆಣ್ಣಿಗೆ ನೂರು ವರ್ಷಕ್ಕೂ ಹಿಂದೆಯೇ ಯಾರೋ ಹೆಸರಿಟ್ಟಿದ್ದರು, ಅದೂ ಬೇರೆ ಕುಲದಲ್ಲಿ. ಹಳೆಯ ಹೆಸರಿಗೇ ಹಕ್ಕು, ನಿಯಮ ಹಾಗಿದೆ. ನನ್ನ ಲೇಖನ ಅಚ್ಚಾಗಿದ್ದರೆ ಒಂದೇ ಜೀವಿಗೆ ಎರಡು ಹೆಸರಾಗಿ, ಮುಂದೆ ಇನ್ಯಾರೋ ಕೂತು ಬಿಡಿಸಬೇಕಾಗಿತ್ತು.

ಇಷ್ಟೆಲ್ಲ ಆದ ಮೇಲೆ ಬರವಣಿಗೆ. ಹೆಸರಿಡಲು ಅಂತರರಾಷ್ಟ್ರೀಯ ನಿಯಮಾವಳಿ ಇದೆ. 1999ರ ನಂತರ ಬರುವ ಪ್ರತಿ ಹೊಸ ಹೆಸರಿಗೂ ಆಧಾರ ಮಾದರಿ ಯಾವುದು ಅಂತ ಸ್ಪಷ್ಟವಾಗಿ ಹೇಳಲೇಬೇಕು. ಸಾಮಾನ್ಯವಾಗಿ ಅದು ಒಂದೇ ಒಂದು ಪತಂಗ. ಅದಕ್ಕೆ ಹೋಲೋಟೈಪ್ ಅನ್ನುತ್ತೇವೆ, ವಾಡಿಕೆಯಂತೆ ಕೆಂಪು ಚೀಟಿ ಹಚ್ಚುತ್ತೇವೆ. ಹೆಸರನ್ನು ಆ ಪತಂಗಕ್ಕೆ ಗೂಟಕ್ಕೆ ಕಟ್ಟಿದ ಹಾಗೆ ಕಟ್ಟುತ್ತೇವೆ. ಮುಂದೆ ಯಾರಿಗೆ ಅನುಮಾನ ಬಂದರೂ ಅದನ್ನೇ ತೆಗೆದು ನೋಡಬೇಕು. "ಕೊಲ್ಲುವ ಬದಲು ಫೋಟೋ ಸಾಲದಾ?" ಅನ್ನುವವರಿಗೂ ನಾನು ಇದನ್ನೇ ಹೇಳುತ್ತೇನೆ. ಕೊಲ್ಲುವುದು ನನಗೂ ಸಂಕಟವೇ. ಆದರೆ ಫೋಟೋದಲ್ಲಿ ಆ ಒಳಗಿನ ಮುಳ್ಳು ಕಾಣುವುದಿಲ್ಲ.

ಹೆಸರು ಆರಿಸುವುದಕ್ಕೆ ಒಂದು ಸಂಜೆ ಸಾಕು. ನಮ್ಮದೇ ಹೆಸರು ಇಟ್ಟುಕೊಳ್ಳಬಾರದು ಅಂತ ನಿಯಮವೇನೂ ಇಲ್ಲ, ಆದರೆ ಸಾಮಾನ್ಯವಾಗಿ ಯಾರೂ ಹಾಗೆ ಮಾಡುವುದಿಲ್ಲ. ನನಗೆ ಪತಂಗದ ರೂಪ ಅಥವಾ ಅದರ ಕಾಡು ನೆನಪಿಗೆ ಬರುವ ಹೆಸರೇ ಇಷ್ಟ. ವಿವರಣೆಯಲ್ಲಿ ನಾನು ಹೆಚ್ಚು ಸಮಯ ಕೊಡುವುದು ಒಂದು ಪ್ಯಾರಾಕ್ಕೆ: ಹತ್ತಿರದ ಸಂಬಂಧಿಗಳಿಂದ ಇದನ್ನು ಹೇಗೆ ಬೇರೆ ಮಾಡಬೇಕು ಅನ್ನುವ ಭಾಗ. ನೂರು ವರ್ಷದ ನಂತರ ಒಬ್ಬರು ಓದುವುದು ಅದನ್ನೇ.

ಈಗ ನನ್ನ ಮೇಜಿನ ಮೇಲೆ ಏಳು ಪತಂಗಗಳಿವೆ. ಮುಂದಿನ ರೆಕ್ಕೆ 11 ಮಿಲಿಮೀಟರ್, ಬೂದು ಬಣ್ಣ, ನಡುವೆ ಕಿಡ್ನಿ ಆಕಾರದ ಒಂದು ಮಚ್ಚೆ. ಏಳೂ ಗಂಡುಗಳು. ಸ್ಲೈಡ್ ಆಗಿದೆ, ಬಾರ್‌ಕೋಡ್ ಬಂದಿದೆ, ನಾಲ್ಕು ಮ್ಯೂಸಿಯಂಗಳ ಮಾದರಿಗಳ ಜೊತೆ ಹೋಲಿಸಿಯೂ ಆಗಿದೆ. ಗಂಡಿನ ಮೇಲಷ್ಟೇ ಹೆಸರಿಡಲು ನಿಯಮದ ಅಡ್ಡಿಯಿಲ್ಲ. ಆದರೂ ನಾನು ಕಾಯುತ್ತಿದ್ದೇನೆ. ಮುಂದಿನ ಅಮಾವಾಸ್ಯೆಗೆ ಮತ್ತೆ ಬಟ್ಟೆ ಕಟ್ಟಬೇಕು, ಹೆಣ್ಣು ಬರುತ್ತದಾ ನೋಡಬೇಕು.